ಬೋಗುಣಿಗೆ ಬಗ್ಗಿಸಿದ ಗೊಜ್ಜು

ಅನಾನಸ್ ಗೊಜ್ಜು ಕಷ್ಟದ ಅಡಿಗೆಯಲ್ಲ. ಹಣ್ಣಿನ ಮುಳ್ಳುಸಿಪ್ಪೆ ಕೆತ್ತಿ, ನಡುವಿನ ಗಟ್ಟಿ ದಿಂಡು ತೆಗೆದು, ಅಡಿಕೆ ಹೋಳಿನಷ್ಟು ಸಣ್ಣಗೆ ಹೆಚ್ಚಿ, ಅರಿಸಿನ ಹಾಕಿ ಬೇಯಿಸಬೇಕು. ಬೆಂದ ಹೋಳುಗಳಿಗೆ ಹುಣಿಸೆರಸ, ಬೆಲ್ಲ, ಉಪ್ಪು. ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಎಳ್ಳು, ಇವನ್ನೆಲ್ಲ ಬೇರೆಬೇರೆಯಾಗಿ ಹುರಿದುಕೊಳ್ಳಬೇಕು. ಒಂದು ಚಿಟಿಕೆ ಮೆಂತ್ಯ ಕೆಂಪಾಗುತ್ತಲೇ ಬಾಣಲೆಯಿಂದ ಇಳಿಸಬೇಕು. ಕೊಬ್ಬರಿ ಸೇರಿಸಿ ಒರಳಿನಲ್ಲಿ ರುಬ್ಬಿ, ಹೋಳಿನ ಜೊತೆ ಕುದಿಸಿ, ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ಹಬ್ಬದ ಊಟದಲ್ಲಿ ಅದೇನೂ ಮುಖ್ಯ ಅಡಿಗೆಯಲ್ಲ, ಎಲೆಯ ಮೇಲ್ಬದಿಯಲ್ಲಿ ಒಂದು ಸೌಟು ಬೀಳುವ ವ್ಯಂಜನ. ಆ ಒಂದು ಸೌಟಿನ ನೆಪದಲ್ಲಿ ನನ್ನ ಅಮ್ಮನ ಮಾನ ಕಳೆದರು. ಇಷ್ಟು ವರ್ಷವಾದರೂ ನನಗೆ ಆ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನು ಪ್ರಯತ್ನಪಟ್ಟೂ ಇಲ್ಲ.

ಕಳೆದವಳು ನನ್ನ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಎದುರಿಗಿದ್ದಾಗ ಅವಳನ್ನು ನಾನೂ ನೀವು, ತಾವು ಎಂದೇ ಮಾತಾಡಿಸುತ್ತಿದ್ದೆ. ಬರೆಯಲು ಕೂತಾಗ ಆ ಮರ್ಯಾದೆ ನನ್ನ ಕೈಯಿಂದ ಆಗುವುದಿಲ್ಲ. ದೊಡ್ಡಪ್ಪ ಶಿವಮೊಗ್ಗದಲ್ಲಿ ವಕೀಲರು. ಹೊಳೆಗೆ ಹೋಗುವ ದಾರಿಯಲ್ಲಿ ಅವರದು ದೊಡ್ಡ ಮನೆ, ಹಜಾರದ ತುಂಬ ಕಕ್ಷಿದಾರರು. ಊರಿನಲ್ಲಿ ಅವರಿಗೆ ನ್ಯಾಯಸ್ಥರೆಂದು ಹೆಸರು. ಸುಳ್ಳು ಕೇಸು ಹಿಡಿಯುವುದಿಲ್ಲ ಎಂದು ಜನ ಹೇಳುತ್ತಿದ್ದರು. ನನ್ನ ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ನೌಕರ, ಅಣ್ಣನ ಎದುರು ಕೂತು ಮಾತಾಡಿದವರಲ್ಲ. ನಮ್ಮದು ಎರಡು ಕೋಣೆಯ ಕ್ವಾರ್ಟರ್ಸು. ವರ್ಷದ ದೊಡ್ಡ ಹಬ್ಬಗಳೆಲ್ಲ ಅಣ್ಣನ ಮನೆಯಲ್ಲೇ ಆಗಬೇಕೆಂಬುದು ಅಜ್ಜ ಇದ್ದ ಕಾಲದಿಂದ ಬಂದ ಕಟ್ಟಳೆ. ಹಾಗಾಗಿ ಪ್ರತಿ ಹಬ್ಬದ ಹಿಂದಿನ ದಿನ ನಾವು ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದೆವು. ಮಾಚೇನಹಳ್ಳಿ ದಾಟಿ ಮಲವಗೊಪ್ಪ ಬರುವ ಹೊತ್ತಿಗೆ ಅಮ್ಮ ಸೆರಗು ಸರಿ ಮಾಡಿಕೊಂಡು, ಮುಖದ ಮೇಲೆ ಬೇರೆಯದೇ ಒಂದು ಮುಖ ಹಾಕಿಕೊಳ್ಳುತ್ತಿದ್ದಳು. ಓರಗಿತ್ತಿಯ ಮನೆಗೆ ಹೋಗುವ ಮುಖ ಅದು.

ಆ ಮನೆಯಲ್ಲಿ ಅಮ್ಮನಿಗೆ ಸಿಗುತ್ತಿದ್ದ ಮರ್ಯಾದೆಯೆಲ್ಲ ಈ ಗೊಜ್ಜಿನಿಂದಲೇ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ನಮ್ಮ ಒಂದು ಪಕ್ಕ ತಮಿಳಿನವರು, ಇನ್ನೊಂದು ಪಕ್ಕ ತೆಲುಗಿನವರು. ಕೊಳಾಯಿ ಎಲ್ಲರಿಗೂ ಒಂದೇ. ದೊಡ್ಡಮ್ಮನ ಪ್ರಕಾರ ಅಂಥ ಕಡೆ ಸಂಸಾರ ಮಾಡುವವರಿಗೆ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಹಬ್ಬದ ಅಡಿಗೆಯಲ್ಲಿ ಬೇರೆ ಏನನ್ನೂ ಅವಳು ಅಮ್ಮನ ಕೈಗೆ ಕೊಡುತ್ತಿರಲಿಲ್ಲ. ಗೊಜ್ಜೊಂದನ್ನು ಮಾತ್ರ ಕೊಡಲೇಬೇಕಾಗಿತ್ತು. ಯಾಕೆಂದರೆ ದೊಡ್ಡಪ್ಪ ಎಲೆಯ ಮುಂದೆ ಕೂತವರೇ ಮೊದಲು ಅದನ್ನು ನೋಡುತ್ತಿದ್ದರು, ಮೂರನೆಯ ಸಲವೂ ಬಡಿಸಿಕೊಳ್ಳುತ್ತಿದ್ದರು. ಊಟ ಮುಗಿಸಿ ಏಳುವಾಗ ಅಡಿಗೆಮನೆಯ ಕಡೆ ತಿರುಗಿ, "ಗೊಜ್ಜು ಭೇಷಾಗಿತ್ತು" ಎನ್ನುತ್ತಿದ್ದರು. ಆ ಎರಡು ಮಾತು ಅಮ್ಮನಿಗೆ ಮುಂದಿನ ಹಬ್ಬದವರೆಗೆ ಸಾಕಾಗುತ್ತಿತ್ತು. ದೊಡ್ಡಮ್ಮನಿಗೆ ಅದೇ ಮಾತು ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತೆಂದು ನನಗೆ ಆಗಲೇ ಗೊತ್ತಿತ್ತು. ಮಕ್ಕಳಿಗೆ ಇಂಥದೆಲ್ಲ ಬೇಗ ತಿಳಿಯುತ್ತದೆ.

ದೇವರ ಅಡಿಗೆಗೆ ಒಂದು ನಿಯಮವಿತ್ತು. ನೈವೇದ್ಯ ಆಗುವವರೆಗೆ ಯಾರೂ ಏನನ್ನೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಮೂಸಿ ನೋಡಿದರೂ ಅಪಚಾರ. ಉಪ್ಪು ಹುಳಿ ಖಾರ ಎಲ್ಲ ಕೈ ಅಳತೆಯ ಮೇಲೆ, ಕಣ್ಣಿನ ಅಂದಾಜಿನ ಮೇಲೆ ಆಗಬೇಕು. ಅಮ್ಮ ಅದಕ್ಕೆಂದೇ ತನ್ನ ತವರಿನ ಕಲ್ಲುಮರಿಗೆಯನ್ನು, ಅಂದರೆ ಬಳಪದ ಕಲ್ಲಿನ ಕರೀ ಪಾತ್ರೆಯನ್ನು, ಬಟ್ಟೆಯಲ್ಲಿ ಸುತ್ತಿ ಭದ್ರಾವತಿಯಿಂದ ಹೊತ್ತು ತರುತ್ತಿದ್ದಳು. ಹುಳಿ ಅಡಿಗೆಗೆ ಕಲ್ಲೇ ಆಗಬೇಕು ಎನ್ನುತ್ತಿದ್ದಳು. ಬಸ್ಸಿನಲ್ಲಿ ಅದು ಯಾವಾಗಲೂ ಅವಳ ತೊಡೆಯ ಮೇಲೆ ಇರುತ್ತಿತ್ತು, ನಾವು ಮಕ್ಕಳು ನಿಂತೇ ಬರುತ್ತಿದ್ದೆವು.

ಆಣೆ ಹೋಗಿ ನಯಾಪೈಸೆ ಬಂದ ಹೊಸತರಲ್ಲಿ, ಒಂದು ಗಣಪತಿ ಹಬ್ಬ. ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಬೆಂಗಳೂರಿನಿಂದ ದೊಡ್ಡ ವಕೀಲರೊಬ್ಬರು ದೊಡ್ಡಪ್ಪನ ಮನೆಗೆ ಊಟಕ್ಕೆ ಬರುವವರಿದ್ದರು. ಅಮ್ಮ ಬೆಳಗ್ಗೆಯೇ ಗೊಜ್ಜು ಮುಗಿಸಿ, ಮರಿಗೆಯ ಮೇಲೆ ತಟ್ಟೆ ಮುಚ್ಚಿ, ಹಿತ್ತಿಲ ಜಗಲಿಯಲ್ಲಿ ಕಡುಬಿಗೆ ಕಾಯಿ ತುರಿಯುತ್ತ ಕೂತಳು. ನನಗೆ ಅಡಿಗೆಮನೆಯ ಒಳಗೆ ಪ್ರವೇಶವಿಲ್ಲ, ಹೊಸ್ತಿಲ ಆಚೆ ಕೂತು ಗರಿಕೆ ಆರಿಸುತ್ತಿದ್ದೆ. ಆಗ ದೊಡ್ಡಮ್ಮ ಒಳಗೆ ಬಂದಳು. ಅಟ್ಟಣಿಗೆಯ ಮೇಲಿದ್ದ ತನ್ನ ಹಿತ್ತಾಳೆ ಬೋಗುಣಿಯನ್ನು ಇಳಿಸಿದಳು. ಹೊರಗಡೆ ಹುಣಿಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದಂತೆ ಹೊಳೆಯುತ್ತಿದ್ದ ಬೋಗುಣಿ. ಕಲ್ಲುಮರಿಗೆಯನ್ನು ಎತ್ತಿ ಗೊಜ್ಜನ್ನೆಲ್ಲ ಅದಕ್ಕೆ ಬಗ್ಗಿಸಿದಳು. ಅಂಚಿಗೆ ತಗಲಿದ್ದನ್ನು ಬೆರಳಿನಲ್ಲಿ ಸವರಿ ಒಳಗೇ ಹಾಕಿದಳು. ನನ್ನನ್ನು ನೋಡಿ, "ದೊಡ್ಡೋರು ಊಟಕ್ಕೆ ಬರ್ತಾರೆ. ಈ ಕರೀ ಮಡಕೇಲಿ ಬಡಿಸಕ್ಕಾಗುತ್ತೇನೇ?" ಎಂದಳು.

ಬೋಗುಣಿಯ ಒಳಗಡೆ ತವರದ ಕಲಾಯಿ ಹೋಗಿ ಹಳದಿ ಹಿತ್ತಾಳೆ ಕಾಣುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದೆ. ಅದರ ಅರ್ಥ ಮಾತ್ರ ಆಗ ನನಗೆ ತಿಳಿಯಲಿಲ್ಲ.

ಪೂಜೆ ಎಂದಿನಂತೆ ಎಳೆಯಿತು. ಆಮೇಲೆ ಬೆಂಗಳೂರಿನವರು ಬರುವುದು ತಡವಾಯಿತು. ಹುಣಿಸೆ, ಅನಾನಸ್ ಎರಡೂ ಹುಳಿ ಸೇರಿದ ಗೊಜ್ಜು ಅಷ್ಟು ಹೊತ್ತೂ ಆ ಬರಿಯ ಹಿತ್ತಾಳೆಯಲ್ಲಿ ಕೂತಿತ್ತು. ನೈವೇದ್ಯವಾಯಿತು, ಗಣಪತಿ ಏನೂ ಹೇಳಲಿಲ್ಲ. ಗಂಡಸರ ಪಂಕ್ತಿ ಕೂತಿತು. ಬೆಂಗಳೂರಿನವರು ಗೊಜ್ಜನ್ನು ಬೆರಳಲ್ಲಿ ತೆಗೆದು ಬಾಯಿಗೆ ಇಟ್ಟವರು ಗಕ್ಕನೆ ತಡೆದು, ಲೋಟ ಎತ್ತಿ ನೀರು ಕುಡಿದರು. ಪಕ್ಕದವರೊಬ್ಬರು ಮುಖ ಕಿವುಚಿದರು. ಅಪ್ಪ ಪೆಚ್ಚಾಗಿ ಸುತ್ತ ನೋಡಿದರು. ದೊಡ್ಡಪ್ಪ ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದರು.

ಬಾಗಿಲ ಸಂದಿಯಿಂದ ದೊಡ್ಡಮ್ಮನ ದನಿ ಇಡೀ ಪಂಕ್ತಿಗೆ ಕೇಳುವಂತೆ ಬಂತು. "ಕಹಿ ಆಗಿದ್ಯಾ? ಮೆಂತ್ಯ ಸೀದಿರ್ಬೇಕು. ಅದು ನಾನು ಮಾಡಿದ್ದಲ್ಲಪ್ಪ, ನಮ್ಮ ಓರಗಿತ್ತಿ ಮಾಡಿದ್ದು. ಕ್ವಾರ್ಟರ್ಸಲ್ಲಿ ಇದ್ದೂ ಇದ್ದೂ ಹಬ್ಬದ ಅಡಿಗೇನೇ ಮರ್ತುಹೋಗಿದೆ ಪಾಪ."

ಆ ಪಾಪ ಎನ್ನುವ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹೆಂಗಸರ ಪಂಕ್ತಿಯಲ್ಲಿ ಅಮ್ಮ ಗೊಜ್ಜನ್ನು ಬಾಯಿಗೆ ಇಟ್ಟಳು. ಅವಳ ಮುಖದಲ್ಲಿ ಮೊದಲು ಬಂದದ್ದು ಆಶ್ಚರ್ಯ. ಆಮೇಲೆ ಅವಳ ಕಣ್ಣು ಬೋಗುಣಿಯ ಕಡೆ ಹೋಯಿತು, ಅಲ್ಲೇ ನಿಂತಿತು. ನಾನು ಅವಳ ಕಿವಿಯಲ್ಲಿ, "ದೊಡ್ಡಮ್ಮ ಬಗ್ಗಿಸಿದ್ದು, ನಾನು ನೋಡಿದೀನಿ" ಎಂದೆ. ಅಮ್ಮ ನನ್ನ ತೊಡೆ ಚಿವುಟಿ, "ಈಗ ಬೇಡ" ಎಂದಳು. ಈಗ ಬೇಡವಾದರೆ ಇನ್ನು ಯಾವಾಗ ಎಂದು ನಾನು ಕಾಯುತ್ತಲೇ ಇದ್ದೆ. ಸಂಜೆ ದೊಡ್ಡಮ್ಮ ಎಲ್ಲರ ಎದುರಿಗೂ ತೀರ್ಪು ಕೊಟ್ಟುಬಿಟ್ಟಳು. "ಇನ್ಮೇಲೆ ಹಬ್ಬಕ್ಕೆ ನೀನು ಒಲೆ ಮುಂದೆ ಬರೋದು ಬೇಡ ಮಾರಾಯ್ತಿ. ಬೇಜಾರು ಮಾಡ್ಕೋಬೇಡ. ದೇವರ ಅಡಿಗೆ ನೋಡು, ಕೈಗುಣ ಬೇಕು." ಅಪ್ಪ ಉಗುರು ಕಚ್ಚುತ್ತ ನಿಂತಿದ್ದರು. ದೊಡ್ಡಪ್ಪ ಹಜಾರದಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು, ಅವರಿಗೆ ಕೇಳಿಸದಷ್ಟು ದೂರವೇನೂ ಇರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಹಬ್ಬದಲ್ಲೂ ಅಮ್ಮನ ಜಾಗ ಹಿತ್ತಿಲ ಜಗಲಿ. ಬಾಳೆ ಎಲೆ ಒರೆಸುವುದು, ಹೂಬತ್ತಿ ಹೊಸೆಯುವುದು, ಬಂದವರ ಮಕ್ಕಳ ಮೂಗು ಒರೆಸುವುದು. ಒಳಗೆ ಒಲೆಯ ಮುಂದೆ ಯಾರ್‍ಯಾರೋ ದೂರದ ನೆಂಟರು ಓಡಾಡುತ್ತಿದ್ದರು, ಮನೆಯ ಸೊಸೆ ಹೊರಗೆ. ನೆಂಟರಿಷ್ಟರಲ್ಲಿ ಮಾತು ಹಬ್ಬಿತು. ಯಾರದೋ ಮುಂಜಿಯಲ್ಲಿ ಹೆಂಗಸೊಬ್ಬಳು ಅಮ್ಮ ಹೆಚ್ಚುತ್ತಿದ್ದ ತರಕಾರಿಯ ಮೊರವನ್ನೇ ಎಳೆದುಕೊಂಡು, "ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ" ಎಂದು ನಕ್ಕಳು. ಅವಳ ನಗು ಉಪಚಾರದ್ದಲ್ಲ ಎಂದು ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಅಮ್ಮ ಬರಿಗೈಯಲ್ಲಿ ಎದ್ದು ಬಂದು ನನ್ನ ಪಕ್ಕ ಕೂತಳು. ಏನು ಮಾಡುವುದೆಂದು ತೋಚದೆ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದಳು. ಆ ಜಡೆ ಎಷ್ಟು ಬಿಗಿಯಾಗಿತ್ತೆಂದರೆ ಮನೆಗೆ ಬರುವವರೆಗೂ ನನ್ನ ತಲೆ ನೋಯುತ್ತಿತ್ತು.

ಭದ್ರಾವತಿಯಲ್ಲಿ ಅಮ್ಮನ ಗೊಜ್ಜಿಗೆ ಏನೂ ಆಗಿರಲಿಲ್ಲ. ಒಗ್ಗರಣೆಯ ಘಮಕ್ಕೆ ಪಕ್ಕದ ಮನೆಯ ತಮಿಳಿನಾಕೆ ಬಟ್ಟಲು ಹಿಡಿದು ಬಂದು, "ಕೊಂಜಂ ಗೊಜ್ಜು ಕೊಡಿ ಅಕ್ಕಾ" ಎನ್ನುತ್ತಿದ್ದಳು. ನಾನು ಅಮ್ಮನ ಪಕ್ಕ ನಿಂತು ಕಲಿಯುತ್ತ ಹೋದೆ. ಹೆಣ್ಣುಮಗಳು ಅಡಿಗೆ ಕಲಿಯುತ್ತಿದ್ದಾಳೆಂದು ಅಪ್ಪ ಸಂತೋಷಪಟ್ಟರು. ನನ್ನ ಮನಸ್ಸಿನಲ್ಲಿ ಇದ್ದದ್ದು ಅಡಿಗೆಯಲ್ಲ. ಒಂದು ಸಲ ಮಿಕ್ಕ ಗೊಜ್ಜನ್ನು ನಮ್ಮ ಮನೆಯ ಕಲಾಯಿ ಹೋದ ಹಿತ್ತಾಳೆ ಚೊಂಬಿಗೆ ಹಾಕಿ ಮರೆಯಲ್ಲಿ ಇಟ್ಟೆ. ಮಧ್ಯಾಹ್ನ ನೋಡಿದರೆ ಅಂಚಿನಲ್ಲಿ ಹಸಿರು ಗೆರೆ. ನಾಲಿಗೆಗೆ ಹಚ್ಚಿದೆ. ಅದೇ ಕಹಿ! ಗಂಟಲಿನವರೆಗೆ ಹಿಡಿದುಕೊಳ್ಳುವ, ನೀರು ಕುಡಿದರೂ ಹೋಗದ ಕಿಲುಬಿನ ಕಹಿ.

ಅಮ್ಮ ಹಿಂದೆ ಬಂದು ನಿಂತಿದ್ದಳು. "ಕಲಾಯಿ ಇಲ್ಲದ ಪಾತ್ರೆಗೆ ಹುಳಿ ಹಾಕ್ತಾರೇನೇ? ಹೊಟ್ಟೆ ತೊಳಸಿ ಸಾಯ್ಬೇಕಾ?"

"ದೊಡ್ಡಮ್ಮ ಹಾಕಿದ್ಲಲ್ಲ."

ಅಮ್ಮ ಚೊಂಬನ್ನು ತೆಗೆದುಕೊಂಡು ಹೋಗಿ ಬೂದಿ ಹಾಕಿ ಉಜ್ಜತೊಡಗಿದಳು, ಬಹಳ ಹೊತ್ತು ಉಜ್ಜಿದಳು. ನನಗೆ ಬೇಕಾದದ್ದು ಸಿಕ್ಕಿತ್ತು. ಇನ್ನು ಬೇಕಾದದ್ದು ಆ ಮನೆಯ ಒಲೆ, ಆ ಬೋಗುಣಿ, ಮತ್ತು ಜನ ತುಂಬಿದ ಒಂದು ಪಂಕ್ತಿ. ಅವಕಾಶಕ್ಕಾಗಿ ನಾನು ಹೈಸ್ಕೂಲಿಗೆ ಬರುವವರೆಗೂ ಕಾದೆ. ಕಾಯುವುದು ಕಷ್ಟವಾಗಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಬೇರೆ ಹುಡುಗಿಯರು ಏನೇನು ಯೋಚಿಸುತ್ತಿದ್ದರೋ, ನಾನು ದೊಡ್ಡಮ್ಮನ ಬಾಯಿಗೆ ಆ ಗೊಜ್ಜನ್ನು ಇಡುವುದನ್ನೇ ಯೋಚಿಸುತ್ತ ಸುಖವಾಗಿ ನಿದ್ದೆ ಹೋಗುತ್ತಿದ್ದೆ.

ಮತ್ತೊಂದು ಗಣಪತಿ ಹಬ್ಬ. ದೊಡ್ಡಮ್ಮ ಬಚ್ಚಲಲ್ಲಿ ಜಾರಿ ಮುಂಗೈ ಉಳುಕಿಸಿಕೊಂಡಿದ್ದಳು. ರುಬ್ಬುವುದು, ಹೆಚ್ಚುವುದು ಅವಳ ಕೈಯಿಂದ ಸಾಧ್ಯವಿಲ್ಲ. ದೊಡ್ಡಪ್ಪ ಈ ವರ್ಷವಾದರೂ ಬಾಯಿಗೆ ಹಿಡಿಸುವ ಗೊಜ್ಜು ಆಗಲಿ ಎಂದಿದ್ದರಂತೆ. ಅಮ್ಮನನ್ನು ಕರೆಯಲು ದೊಡ್ಡಮ್ಮನ ಜಂಬ ಬಿಡಲಿಲ್ಲ. ನಾನೇ ಹೋಗಿ ಮುಂದೆ ನಿಂತೆ.

"ನಾನು ಮಾಡ್ತೀನಿ ದೊಡ್ಡಮ್ಮ. ಮಡಿ ಉಟ್ಕೊಂಡೇ ಮಾಡ್ತೀನಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಂತೋಷದಿಂದಲೇ, "ಮಾಡು ಪುಟ್ಟಿ. ನಿನಗೆ ನಮ್ಮನೆ ಕಡೆ ಕೈಗುಣ ಬಂದಿದೆ, ನಿಮ್ಮಮ್ಮಂದು ಬಂದಿಲ್ಲ" ಎಂದಳು. ಒಳ್ಳೆಯದಾಯಿತು. ಅದುವರೆಗೆ ನನ್ನಲ್ಲಿ ಒಂದು ಎಳ್ಳಿನಷ್ಟು ಅಳುಕಿತ್ತು, ಅದನ್ನು ಅವಳೇ ತೆಗೆದುಹಾಕಿದಳು.

ಗೊಜ್ಜನ್ನು ಭದ್ರಾವತಿಯಿಂದ ನಾನೇ ಹೊತ್ತು ತಂದಿದ್ದ ಅಮ್ಮನ ಕಲ್ಲುಮರಿಗೆಯಲ್ಲೇ ಮಾಡಿದೆ. ಮೆಂತ್ಯವನ್ನು ಕಣ್ಣು ಕೀಳದೆ ಹುರಿದೆ. ಒಗ್ಗರಣೆ ಕೊಟ್ಟ ಮೇಲೆ ಅಟ್ಟಣಿಗೆಯಿಂದ ಬೋಗುಣಿ ಇಳಿಸಿದೆ. ಇಷ್ಟು ವರ್ಷಗಳಲ್ಲಿ ಅವಳು ಅದಕ್ಕೆ ಕಲಾಯಿ ಹಾಕಿಸಿರಲಿಲ್ಲ. ಕಲಾಯಿಯವನು ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಲೇ ಇರುತ್ತಿದ್ದ, ಇವಳು ಹೊರಗಿನ ಹೊಳಪು ನೋಡಿಕೊಂಡೇ ತೃಪ್ತಳಾಗಿದ್ದಳು. ಅರ್ಧ ಗೊಜ್ಜನ್ನು ಬೋಗುಣಿಗೆ ಬಗ್ಗಿಸಿ ಮೂಲೆಗೆ ಇಟ್ಟೆ. ನೈವೇದ್ಯಕ್ಕೆ ಕಲ್ಲುಮರಿಗೆಯದನ್ನೇ ತೆಗೆದೆ, ಗಣಪತಿಯ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ. ಗಂಡಸರ ಪಂಕ್ತಿಗೂ ಮರಿಗೆಯದನ್ನೇ ಬಡಿಸಿದೆ. ದೊಡ್ಡಪ್ಪ ಎರಡನೆಯ ಸಲ ಹಾಕಿಸಿಕೊಂಡು, "ಎಷ್ಟು ವರ್ಷ ಆಯ್ತು ಈ ಗೊಜ್ಜು ತಿಂದು" ಎಂದರು. ದೊಡ್ಡಮ್ಮ ಬಾಗಿಲಲ್ಲಿ ನಿಂತು, ತಾನೇ ಕಲಿಸಿದವಳಂತೆ ನಕ್ಕಳು. ನಾನೂ ಅವಳ ಕಡೆ ನೋಡಿ ನಕ್ಕೆ.

ಆಮೇಲೆ ಹೆಂಗಸರ ಪಂಕ್ತಿ. ದೊಡ್ಡಮ್ಮ ಮೊದಲ ಎಲೆಯಲ್ಲಿ, ಬೀದಿಯ ಹೆಂಗಸರು, ನೆಂಟರು ಸಾಲಾಗಿ, ಅಮ್ಮ ಕಟ್ಟಕಡೆಗೆ. ನಾನು ಎರಡೂ ಪಾತ್ರೆ ಹಿಡಿದು ಬಂದೆ. ಎಲ್ಲರ ಎಲೆಗೂ ಮರಿಗೆಯ ಗೊಜ್ಜು ಬಡಿಸಿದೆ. ದೊಡ್ಡಮ್ಮನ ಎಲೆಗೆ ಒಂದು ಸೌಟು ಮರಿಗೆಯದು, ಅದರ ಪಕ್ಕದಲ್ಲೇ ಒಂದು ಸೌಟು ಬೋಗುಣಿಯದು.

"ಇದೇನೇ, ನಂಗೆ ಮಾತ್ರ ಎರಡೆರಡು?" ಎಂದಳು.

"ಎರಡೂ ಒಂದೇ ದೊಡ್ಡಮ್ಮ. ಒಂದೇ ಒಲೆ, ಒಂದೇ ಕೈ. ಇದನ್ನ ಮಾತ್ರ ಬೆಳಿಗ್ಗೇನೇ ನಿಮ್ಮ ಬೋಗುಣಿಗೆ ಬಗ್ಗಿಸಿಟ್ಟಿದ್ದೆ. ಆವತ್ತು ನೀವು ಬಗ್ಗಿಸಿದ್ರಲ್ಲ, ಹಾಗೇ. ರುಚಿ ನೋಡಿ ಹೇಳಿ, ಮೆಂತ್ಯ ಸೀದಿದ್ಯಾ ಅಂತ."

ಎಷ್ಟು ಸಲ ಹೇಳಿಕೊಂಡು ಪಳಗಿಸಿದ ಮಾತು ಅದು! ಬೀದಿಯ ಹೆಂಗಸರ ಕೈಗಳೆಲ್ಲ ಅನ್ನದಲ್ಲೇ ನಿಂತವು. ಅಮ್ಮ ಕೊನೆಯ ಎಲೆಯಿಂದ, "ಏ!" ಎಂದಳು. ನಾನು ಅತ್ತ ತಿರುಗಲಿಲ್ಲ. ದೊಡ್ಡಮ್ಮನ ಮುಖದಲ್ಲಿ ರಕ್ತ ಏರಿದ್ದನ್ನು ನೋಡುವುದಿತ್ತು.

ಅವಳು ಸಾಮಾನ್ಯದವಳಲ್ಲ. ಉಳುಕದ ಕೈಯಲ್ಲಿ ಬೋಗುಣಿಯ ಗೊಜ್ಜನ್ನು ತೆಗೆದು ಬಾಯಿಗೆ ಇಟ್ಟಳು. ಕಣ್ಣು ಒಮ್ಮೆ ಕಿರಿದಾಯಿತು, ಅಷ್ಟೇ. ನುಂಗಿದಳು. ಇನ್ನೊಮ್ಮೆ ತೆಗೆದಳು. "ಎರಡೂ ಚೆನ್ನಾಗಿದೆ. ಏನೂ ವ್ಯತ್ಯಾಸ ಇಲ್ಲ. ನೀನು ಸುಮ್ನೆ ಏನೇನೋ ಕಲ್ಪಿಸ್ಕೋತೀಯ" ಎಂದು ಒಂದು ಸೌಟು ಪೂರ್ತಿ ತಿಂದಳು, ಬೆರಳಲ್ಲಿ ಎಲೆ ಸವರಿ ತಿಂದಳು. ಅವಳು ಈ ಕಹಿಯನ್ನು ಹೀಗೆ ನುಂಗಿಬಿಟ್ಟರೆ ಅಮ್ಮ ಸಾಯುವವರೆಗೂ ಜಗಲಿಯಲ್ಲೇ! ನೋಡುತ್ತಿದ್ದ ಹೆಂಗಸರಲ್ಲಿ ಒಬ್ಬಳು ಆಗಲೇ ಅವಳ ಮಾತಿಗೆ ತಲೆಯಾಡಿಸಿದ್ದಳು.

ದೊಡ್ಡಪ್ಪ ಕೈ ತೊಳೆದು ಬಂದವರು ಹಜಾರದ ಬಾಗಿಲಲ್ಲಿ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ ಗೊತ್ತಿಲ್ಲ. ಹೆಂಗಸರು ಉಣ್ಣುವಲ್ಲಿಗೆ ಅವರು ಎಂದೂ ಬಂದವರಲ್ಲ. ಬಂದರು. ನನ್ನ ಮುಂದೆ ಅಂಗೈ ಒಡ್ಡಿ, "ಒಂಚೂರು ಹಾಕು" ಎಂದರು. ಬೋಗುಣಿಯ ಗೊಜ್ಜನ್ನು ಹಾಕಿದೆ. ನೆಕ್ಕಿದರು.

"ಕಿಲುಬು," ಎಂದರು. ಸ್ವಲ್ಪ ತಡೆದು, "ಅವತ್ತೂ ಇದೇ ರುಚಿ ಇತ್ತು" ಎಂದರು. ತಿರುಗಿ ಹಜಾರಕ್ಕೆ ಹೋದರು.

ನನಗೆ ಕುಣಿಯಬೇಕೆನ್ನಿಸಿತು. ದೊಡ್ಡಮ್ಮ ತಲೆ ಎತ್ತಲಿಲ್ಲ. ತಲೆಯಾಡಿಸಿದ್ದ ಹೆಂಗಸು ಈಗ ನಾಚಿಕೆಯಿಲ್ಲದೆ ಅಮ್ಮನ ಕಡೆ ತಿರುಗಿ, "ಪಾಪ, ಸುಮ್ಮನೆ ನಿಮ್ಮ ಮೇಲೆ ಬಂತಲ್ರೀ" ಎಂದಳು. ಸಂಜೆಯ ಹೊತ್ತಿಗೆ ದೊಡ್ಡಮ್ಮ ಎರಡು ಸಲ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು. ಅಮ್ಮ ಅವಳ ಬೆನ್ನು ನೀವಿ ಮಜ್ಜಿಗೆ ಕುಡಿಸಿದಳು. ನಾನು ಒಂದು ಲೋಟ ನೀರನ್ನೂ ಎತ್ತಿ ಕೊಡಲಿಲ್ಲ. ಅದನ್ನು ನೆನೆದು ನನಗೆ ಈಗಲೂ ಏನೂ ಅನ್ನಿಸುವುದಿಲ್ಲ. ಅವಳಿಗೆ ನಾನು ಮುಚ್ಚಿ ಬಡಿಸಿರಲಿಲ್ಲ, ಹೇಳಿಯೇ ಬಡಿಸಿದ್ದೆ. ತಿಂದದ್ದು ಅವಳು.

ಹಬ್ಬ ಮುಗಿಸಿ ಬಸ್ಸಿನಲ್ಲಿ ವಾಪಸು ಬರುವಾಗ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ವಿದ್ಯಾನಗರ ದಾಟಿತು. ಅವಳು ಹೊಗಳುತ್ತಾಳೆಂದು ಕಾದೆ. ಕಡೇ ಪಕ್ಷ ಬೈಯುತ್ತಾಳೆ, ಬೈದ ಮೇಲೆ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕಿಟಕಿಯಾಚೆ ನೋಡುತ್ತಲೇ, "ಅವರು ಏನಂದ್ರು, ಕೇಳಿಸ್ಕೊಂಡ್ಯಾ?" ಎಂದಳು.

"ದೊಡ್ಡಪ್ಪನಾ? ಕಿಲುಬು ಅಂದ್ರು."

"ಆಮೇಲೆ?"

"ಅವತ್ತೂ ಇದೇ ರುಚಿ ಇತ್ತು ಅಂದ್ರು," ಎಂದೆ. ಹೇಳುತ್ತ ಹೇಳುತ್ತಲೇ ನನಗೆ ಅದರ ಅರ್ಥ ಹೊಳೆಯಿತು. ಅವತ್ತೇ ಅವರಿಗೆ ತಿಳಿದಿತ್ತು. ಬಾಯಿಗೆ ಇಟ್ಟ ಕೂಡಲೇ ತಿಳಿದಿತ್ತು. ಹೆಂಡತಿಯ ಬೋಗುಣಿ ಕಣ್ಣೆದುರಿಗೆ ಇತ್ತು. ಆದರೂ ತಲೆ ಬಗ್ಗಿಸಿಕೊಂಡು ಉಂಡು, ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಅಮ್ಮ ಜಗಲಿಯಲ್ಲಿ ಎಲೆ ಒರೆಸಿದ ಅಷ್ಟೂ ಹಬ್ಬಗಳಲ್ಲಿ, ಅವಳು ಒರೆಸಿದ ಎಲೆಯ ಮೇಲೇ ಅವರು ಊಟ ಮಾಡಿದ್ದರು. ಮನೆಯಲ್ಲಿ ಜಗಳ ಬೇಡವೆಂದು ಇದ್ದಿರಬಹುದು. ಊರಿಗೆಲ್ಲ ನ್ಯಾಯ ಹೇಳುವವರಿಗೆ ತಮ್ಮನ ಹೆಂಡತಿಗಾಗಿ ಒಂದು ಮಾತು ಆಡಲು ಅಷ್ಟು ವರ್ಷ ಬೇಕಾಯಿತು.

"ಅವಳಿಗೆ ಹೊಟ್ಟೆಕಿಚ್ಚು, ಮಾಡಿದ್ಲು" ಎಂದಳು ಅಮ್ಮ. "ಇವರು ದೊಡ್ಡೋರು ಅಂತ ನಂಬಿದ್ದೆ ನಾನು." ಅಷ್ಟು ಹೇಳಿ ಭದ್ರಾವತಿಯ ಚಿಮಣಿ ಕಾಣುವವರೆಗೂ ಟಿಕೇಟನ್ನು ಮಡಿಸುತ್ತ, ಬಿಡಿಸುತ್ತ ಕೂತಳು.

ಆಯುಧಪೂಜೆಗೆ ಹೋದಾಗ ದೊಡ್ಡಮ್ಮ ತಾನಾಗಿಯೇ, "ಗೊಜ್ಜು ನೀನೇ ಮಾಡು ಮಾರಾಯ್ತಿ, ಆಗಿದ್ದು ಆಯ್ತು" ಎಂದಳು. ಆ ಮನೆಯಲ್ಲಿ ಕ್ಷಮೆ ಕೇಳುವುದು ಎಂದರೆ ಅಷ್ಟೇ. ಒಲೆ ಅಮ್ಮನಿಗೆ ವಾಪಸು ಸಿಕ್ಕಿತ್ತು. ನಾನು ಗೆದ್ದೆ ಎಂದುಕೊಂಡು ಅನಾನಸ್ ಹಣ್ಣು ತರಲು ಎದ್ದೆ. ಅಮ್ಮ, "ಬೇಡ ಅಕ್ಕಯ್ಯ, ಅಭ್ಯಾಸ ತಪ್ಪಿದೆ" ಎಂದು ಬಾಳೆ ಎಲೆ ಒರೆಸುವ ಬಟ್ಟೆ ತೆಗೆದುಕೊಂಡು ಜಗಲಿಗೆ ಹೋದಳು. ಮುಂದಿನ ಹಬ್ಬಕ್ಕೂ ಅದೇ ಉತ್ತರ. ಅಪ್ಪ ಹೇಳಿ ನೋಡಿದರು, ದೊಡ್ಡಪ್ಪ ಅಪ್ಪನ ಮೂಲಕ ಹೇಳಿಸಿ ನೋಡಿದರು. ನನ್ನ ಕೈಯಲ್ಲಿ ಮಾಡಿಸಬಹುದೆಂದುಕೊಂಡರೆ, ಆ ಮನೆಯಲ್ಲಿ ಸೌಟು ಮುಟ್ಟಿದರೆ ನೋಡು ಎಂದು ಅಮ್ಮ ನನಗೆ ಮೊದಲೇ ತಾಕೀತು ಮಾಡಿದ್ದಳು. ನನ್ನ ಸೇಡು ಒಂದು ಊಟದಲ್ಲಿ ಮುಗಿದುಹೋಗಿತ್ತು. ಅಮ್ಮನದು ಈಗ ಶುರುವಾಗಿತ್ತು.

ಕೆಲವು ವರ್ಷದ ಮೇಲೆ ಒಂದು ದೀಪಾವಳಿಗೆ ದೊಡ್ಡಮ್ಮ ತವರಿಗೆ ಹೋಗಿದ್ದರಿಂದ ನಾವು ಭದ್ರಾವತಿಯಲ್ಲೇ ಹಬ್ಬ ಮಾಡಿಕೊಂಡೆವು. ಊಟದ ಹೊತ್ತಿಗೆ ಸರಿಯಾಗಿ ದೊಡ್ಡಪ್ಪ ಬಂದರು. ಕೋರ್ಟಿನ ಏನೋ ಕೆಲಸ ಎಂದರು. ಹಬ್ಬದ ದಿನ ಯಾವ ಕೋರ್ಟು ಎಂದು ಯಾರೂ ಕೇಳಲಿಲ್ಲ. ಆಗಲೇ ಅವರು ಹಲ್ಲು ಬಿದ್ದು, ಬಾಯಿ ರುಚಿ ಕೆಟ್ಟು, ಸೊರಗಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅವರ ಮೂಗು ಅರಳಿತು. ಒಲೆಯ ಮೇಲೆ ಅನಾನಸ್ ಗೊಜ್ಜು ಕುದಿಯುತ್ತಿತ್ತು.

ಅಮ್ಮ ಮಣೆ ಹಾಕಿದಳು. ಅಪ್ಪನಿಗೆ, ದೊಡ್ಡಪ್ಪನಿಗೆ, ನನಗೆ ಒಟ್ಟಿಗೇ ಎಲೆ ಹಾಕಿ ತಾನೇ ಬಡಿಸಿದಳು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಬಗೆ ಪಲ್ಯ. ಆಮೇಲೆ ಗೊಜ್ಜು ಬಂತು. ಅಪ್ಪನ ಎಲೆಗೆ ಒಂದು ಸೌಟು, ನನ್ನ ಎಲೆಗೆ ಒಂದು ಸೌಟು. ಪಾತ್ರೆ ಒಳಗೆ ಹೋಯಿತು. ಹೋಳಿಗೆ ಬಂತು, ಚಿತ್ರಾನ್ನ ಬಂತು, ಅನ್ನಕ್ಕೆ ತೊವ್ವೆ, ತುಪ್ಪ ಬಿತ್ತು. ದೊಡ್ಡಪ್ಪನ ಎಲೆಯಲ್ಲಿ ಪಲ್ಯದ ಪಕ್ಕ ಒಂದು ಸೌಟಿನಷ್ಟು ಹಸಿರು ಜಾಗ ಹಾಗೇ ಉಳಿದಿತ್ತು.

ಅವರು ಅನ್ನ ಕಲಸದೆ ಕೈ ಇಟ್ಟುಕೊಂಡು ಕೂತಿದ್ದರು. ಅಪ್ಪ ಚಡಪಡಿಸಿ, "ಬಡಿಸೋದು ಆಯ್ತೇನೇ?" ಎಂದರು.

"ಆಯ್ತು" ಎಂದಳು ಅಮ್ಮ.

ನನಗೇ ತಡೆಯಲಾಗಲಿಲ್ಲ. ಏನಾದರೂ ಆಗಲಿ, ಕಡೆಗೆ ಸತ್ಯ ಹೇಳಿದವರು ಅವರೇ ಅಲ್ಲವೇ ಎನ್ನಿಸಿ ಏಳಲು ಹೋದೆ. ಅಮ್ಮ ನನ್ನ ಕಡೆ ಒಂದು ನೋಟ ನೋಡಿ, "ಕೂತ್ಕೋ" ಎಂದಳು. ಕೂತೆ. ದೊಡ್ಡಪ್ಪ ನನ್ನ ಎಲೆಯ ಮೇಲಿದ್ದ ಗೊಜ್ಜನ್ನು ನೋಡಿದರು, ತಮ್ಮ ಎಲೆಯನ್ನು ನೋಡಿದರು. ಆಮೇಲೆ ತಲೆ ಬಗ್ಗಿಸಿ ಉಣ್ಣತೊಡಗಿದರು. ಮಜ್ಜಿಗೆ ಅನ್ನದವರೆಗೆ ಒಂದು ಮಾತೂ ಆಡಲಿಲ್ಲ. ಎಲೆಯಲ್ಲಿ ಒಂದು ಅಗುಳನ್ನೂ ಬಿಡಲಿಲ್ಲ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಅಮ್ಮ ಚೊಂಬಿನಿಂದ ನೀರು ಬಗ್ಗಿಸಿದಳು. ಅವರು ಕೈ ಉಜ್ಜಿಕೊಳ್ಳುತ್ತ, ಮೆಲ್ಲಗೆ, "ಊಟ ಚೆನ್ನಾಗಿತ್ತು ಕಣಮ್ಮ" ಎಂದರು.

"ಹೇಗೇ ಇದ್ರೂ ಸುಮ್ನೆ ಉಂಡು ಏಳೋದು ನಿಮಗೆ ಗೊತ್ತಲ್ಲ ಭಾವ" ಎಂದು ಅಮ್ಮ ಟವಲು ಕೊಟ್ಟಳು.